ಹಾಲೆಂಡಿನ ವಿಲ್ಮಾಗೆ ತುಮಕೂರಲ್ಲಿ ಬಾಡಿಗೆ ಮನೆ

ವಿಲ್ಮಾ ಅನ್ನುವ ಹೆಸರು ನನ್ನ ಕಿವಿಗೆ ಮೊದಲು ಬಿದ್ದಾಗ ನಾನು ಹುರುಳಿಕಾಳಿನಲ್ಲಿ ಕಲ್ಲು ಆರಿಸುತ್ತಾ ಕೂತಿದ್ದೆ. ಎಪ್ಪತ್ತೊಂಬತ್ತನೇ ಇಸವಿ, ನವೆಂಬರ್ ಮೊದಲ ವಾರ. ಕೃಷಿ ಇಲಾಖೆಯಲ್ಲಿ ಗುಮಾಸ್ತರಾಗಿದ್ದ ನಮ್ಮ ಮನೆಯವರು ಆಫೀಸಿನಿಂದ ಬಂದವರೇ ಚಪ್ಪಲಿ ಬಿಡುವ ಮೊದಲು ಸುದ್ದಿ ಬಿಟ್ಟರು.

"ಏನೇ, ನಮ್ಮ ಆಫೀಸ್‌ಗೆ ಹಾಲೆಂಡಿಂದ ಒಂದು ಹುಡುಗಿ ಬಂದವ್ಳೆ. ರಾಗಿ ಓದಕ್ಕೆ."

"ರಾಗಿ ಬೀಸೋದು ಗೊತ್ತು, ರಾಗಿ ತೂರೋದು ಗೊತ್ತು. ಓದೋದು ಹೆಂಗ್ರೀ?"

"ಯಾವ ತಳಿ ಎಷ್ಟು ದಿನಕ್ಕೆ ತೆನೆ ಬಿಡುತ್ತೆ ಅಂತ ಬರ್ಕೊಳ್ತಾಳಂತೆ. ಮೂರು ವರ್ಷದ ಕೆಲ್ಸ. ಆದ್ರೆ ಪಾಪ, ಮನೆ ಸಿಕ್ತಿಲ್ಲ. ಬಸ್ ಸ್ಟ್ಯಾಂಡ್ ಹತ್ರ ಲಾಡ್ಜಲ್ಲಿ ತಿಗಣೆ ಜೊತೆ ಮಲಗ್ತಾ ಇದಾಳೆ. ಮೂವತ್ತನೇ ತಾರೀಕು ಸಾಯಂಕಾಲದೊಳ್ಗೆ ಮನೆ ವಿಳಾಸ ಕೊಡ್ದಿದ್ರೆ ವಾಪಸ್ ಊರಿಗೆ ಹೋಗು ಅಂದ್ಬುಟ್ಟವ್ರೆ ಸಾಹೇಬ್ರು." ಇಷ್ಟು ಹೇಳಿ ಮೆಲ್ಲಗೆ ಸೇರಿಸಿದರು, "ನಮ್ಮ ಹಿಂದ್ಗಡೆ ರೂಮು ಖಾಲಿ ಬಿದ್ದಿದೆಯಲ್ಲಾ..."

"ನಮ್ಮನೇಲಾ? ಯಾವ ಜನಾನೋ, ಏನು ತಿಂತಾಳೋ! ಸುಮ್ನಿರಿ. ಇಡೀ ತುಮಕೂರಲ್ಲಿ ಒಂದು ಮನೆ ಸಿಕ್ಕಲ್ವಾ? ಮೂರೇ ಮೂರು ದಿನ ಕೊಡಿ. ಆ ಹುಡುಗೀನ ಒಳ್ಳೇ ಮನೇಲಿ ಕೂರಿಸ್ದಿದ್ರೆ ನನ್ನ ಹೆಸ್ರು ಸರ್ವಮಂಗಳಮ್ಮನೇ ಅಲ್ಲ!"

"ಹಂಗಾದ್ರೆ ಏನು ಹೆಸ್ರಿಡ್ಲಿ? ಈಗ್ಲೇ ಯೋಚ್ನೆ ಮಾಡಿಟ್ಕೋತೀನಿ" ಎಂದು ಕಾಫಿಗೆ ಕೂತರು. ಗಂಡಸರ ಪ್ರೋತ್ಸಾಹ ಅಂದರೆ ಇದು!

ಮಾರನೇ ದಿನ ವಿಲ್ಮಾ ಬಂದಳು. ಆರಡಿ ಎತ್ತರ, ಜೋಳದ ತೆನೆಯ ಬಣ್ಣದ ಕೂದಲು. ಬಂದವಳೇ ನಮ್ಮ ಬಾಗಿಲ ಮೇಲಿನ ಪಟ್ಟಿಗೆ ಹಣೆ ಡಿಕ್ಕಿ ಹೊಡೆದು, ಹಣೆ ಉಜ್ಜಿಕೊಳ್ಳುತ್ತಲೇ ಕೈಮುಗಿದಳು. "ನಮಸ್ಕಾರ. ತಮ್ಮನ್ನು ಕಂಡು ನನಗೆ ಬಹಳ ಸಂತೋಷವಾಯಿತು" ಅಂದಳು. ಬೆಂಗಳೂರಿನಲ್ಲಿ ಆರು ತಿಂಗಳು ಪುಸ್ತಕ ಇಟ್ಟುಕೊಂಡು ಕನ್ನಡ ಕಲಿತಿದ್ದಳಂತೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಆ ಕನ್ನಡ ಕೇಳಿ ಸ್ಕೂಲ್ ಇನ್ಸ್‌ಪೆಕ್ಟರೇ ಬಂದುಬಿಟ್ಟರೇನೋ ಅನ್ನಿಸಿ ಕೂತಿದ್ದವಳು ಎದ್ದು ನಿಂತೆ!

ನಮ್ಮ ದಿಗ್ವಿಜಯ ಚಿಕ್ಕಪೇಟೆಯಿಂದ ಶುರುವಾಯಿತು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ಮನೆ ಬಾಡಿಗೆಗಿದೆ' ಎಂದು ಬರೆದಿತ್ತು. ಮನೆ ಮಾಲೀಕರು ವೆಂಕಟರಂಗಯ್ಯ ಅಂತ, ಜಗಲಿ ಮೇಲೆ ನಶ್ಯ ಏರಿಸುತ್ತಾ ಕೂತಿದ್ದರು. ಮೊದಲು ನನ್ನನ್ನೇ ವಿಚಾರಿಸಿಕೊಂಡರು.

"ನೀವ್ಯಾರ ಮನೆಯವ್ರಮ್ಮ? ನಿಮ್ಮ ಯಜಮಾನ್ರ ಹೆಸರೇನು?"

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಅಂತ ಚೇಳೂರಿನಲ್ಲಿ ನಮ್ಮಜ್ಜಿ ನನ್ನ ತಲೆಗೆ ಹರಳೆಣ್ಣೆ ಜೊತೆಗೇ ತಿಕ್ಕಿದ್ದರು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ನಾನು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಯಾರಾದರೂ ಕೇಳಿದರೂ ಪಕ್ಕದವರಿಂದ ಹೇಳಿಸುತ್ತಿದ್ದೆ. ಈಗ ಪಕ್ಕದಲ್ಲಿ ಇದ್ದವಳು ವಿಲ್ಮಾ. ಮೊಣಕೈಯಲ್ಲಿ ತಿವಿದು, "ನೀನು ಹೇಳಮ್ಮ" ಅಂದೆ.

ಅವಳು ಸೆಟೆದು ನಿಂತು, ಪಾಠ ಒಪ್ಪಿಸುವಂತೆ ಗಟ್ಟಿಯಾಗಿ ಹೇಳಿದಳು, "ರುದ್ರಯ್ಯ! ದ್ವಿತೀಯ ದರ್ಜೆ ಗುಮಾಸ್ತರು! ಕೃಷಿ ಇಲಾಖೆ, ತುಮಕೂರು!"

ಎಷ್ಟು ಅಚ್ಚುಕಟ್ಟು! ನನಗೆ ಖುಷಿಯೋ ಖುಷಿ. ಅಂದಿನಿಂದ ಆ ಕೆಲಸ ಅವಳಿಗೇ ವಹಿಸಿಬಿಟ್ಟೆ. ಯಾವ ಮನೆಯ ಮುಂದೆ ಯಾರು 'ಯಜಮಾನ್ರ ಹೆಸರೇನು' ಅಂದರೂ ನಾನು ತಿವಿಯುವ ಮೊದಲೇ ಉತ್ತರ ಹಾರಿ ಬರುತ್ತಿತ್ತು. ಈ ವಿದ್ಯೆಯೇ ಮುಂದೆ ನನ್ನ ಕುತ್ತಿಗೆಗೆ ಬರುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು!

ವೆಂಕಟರಂಗಯ್ಯನವರು ವಿಲ್ಮಾ ಕಡೆ ತಿರುಗಿದರು.

"ಈಯಮ್ಮ ಯಾವ ಜನ?"

"ಹಾಲೆಂಡಿನೋರು" ಅಂದೆ.

"ಅದು ಗೊತ್ತಾಯ್ತು. ಹಾಲೆಂಡಿನೋರಲ್ಲಿ ಯಾವ್ದು?"

ವಿಲ್ಮಾ ತುಂಬಾ ಹೊತ್ತು ಯೋಚಿಸಿ, "ಉತ್ತರ ಹಾಲೆಂಡು" ಅಂದಳು.

"ಉತ್ತರಾದಿ ಮಠದೋರಾ? ಆಗ್ಲಿ. ಮದ್ವೆ ಆಗಿದೆಯಾ?"

"ಇಲ್ಲ. ನನಗೆ ಇಪ್ಪತ್ತೊಂಬತ್ತು ವರ್ಷ."

ನಶ್ಯದ ಡಬ್ಬಿ ಟಪ್ಪನೆ ಮುಚ್ಚಿತು. "ಒಂಟಿ ಹೆಂಗಸ್ರಿಗೆ ಕೊಡಲ್ಲ ಕಣಮ್ಮ."

ಗಾಂಧಿನಗರದ ಪುಟ್ಟರಂಗಯ್ಯನವರು ಮದುವೆ ವಿಷಯ ಎತ್ತಲೇ ಇಲ್ಲ. "ಮೊಟ್ಟೆ ಗಿಟ್ಟೆ ತಿನ್ನಲ್ಲ ತಾನೇ?" ಅಂದರು. ನಾನು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದೆ. ವಿಲ್ಮಾ ಮುಖ ಅರಳಿಸಿ, "ಮೊಟ್ಟೆ ನನಗೆ ಬಹಳ ಇಷ್ಟ. ಹಂದಿಯೂ ಇಷ್ಟ. ತಾವು ಕೊಡುತ್ತೀರಾ?" ಎಂದು ಕೇಳಿಬಿಟ್ಟಳು. ಪುಟ್ಟರಂಗಯ್ಯನವರು ಬಾಗಿಲು ಹಾಕಿಕೊಂಡ ರಭಸಕ್ಕೆ ತೋರಣ ಕಳಚಿ ನನ್ನ ತಲೆ ಮೇಲೆ ಬಿತ್ತು! ಇನ್ನೊಂದು ಮನೆಯಲ್ಲಿ ಅವಳು ಯಥಾಪ್ರಕಾರ ಹಣೆ ಡಿಕ್ಕಿ ಹೊಡೆದಳು. "ಹೊಸಿಲು ದಾಟಕ್ ಮುಂಚೇನೇ ಏಟು ಬಿತ್ತು, ಶಕುನ ಚೆನ್ನಾಗಿಲ್ಲ" ಎಂದು ಅವರೂ ಕಳಿಸಿದರು.

ಮೂರು ದಿನ ಅಂದದ್ದು ಮೂರು ವಾರ ಆಯಿತು. ಹದಿನೇಳು ಮನೆ ನೋಡಿದೆವು. ವಿಲ್ಮಾ ಹಣೆಯ ಮೇಲೆ ನಾಲ್ಕು ಬುಗುಟು. ಸಾಯಂಕಾಲವಾದರೆ ನಮ್ಮ ಹಜಾರದಲ್ಲಿ ಕೂತು, ಲಾಡ್ಜಿನ ತಿಗಣೆ ಕಚ್ಚಿದ ಕೈ ಕೆರೆದುಕೊಳ್ಳುತ್ತಾ, "ಅಕ್ಕ, ಗೂಳೂರಿನ ಹೊಲದಲ್ಲಿ ನನ್ನ ರಾಗಿ ಕಟಾವಿಗೆ ಬಂದಿದೆ. ನಾನು ಹೋದರೆ ಅದನ್ನು ಯಾರು ಎಣಿಸುತ್ತಾರೆ?" ಅನ್ನುತ್ತಿದ್ದಳು.

"ಸೆಟ್ರಮ್ಮ ಅಂತ ಇಡ್ಲಾ, ಪುಟ್ಟೀರಮ್ಮ ಅಂತ ಇಡ್ಲಾ?" ಎಂದು ನಮ್ಮ ಮನೆಯವರು ನನಗೆ ಹೊಸ ಹೆಸರು ಹುಡುಕುತ್ತಿದ್ದರು.

ನಾನೂ ಹಟಕ್ಕೆ ಬಿದ್ದೆ. ಊರಿಗೆ ಮುತ್ತೈದೆ ತಾನೇ ಬೇಕು? ಮಾಡೋಣ! ವಿಲ್ಮಾಗೆ ನನ್ನ ಸೀರೆ ಉಡಿಸಿದೆ. ಅದು ಅವಳ ಮೀನಖಂಡದ ತನಕ ಮಾತ್ರ ಬಂತು. ಎರಡೂ ಕೈಗೆ ಹಸಿರು ಬಳೆ, ಬುಗುಟಿನ ಮೇಲೆ ದೊಡ್ಡ ಕುಂಕುಮ, ಕೊರಳಿಗೆ ಪೇಟೆಯಿಂದ ತಂದ ಕರಿಮಣಿ. ಹೆಸರನ್ನೂ ಕೊಂಚ ತಿರುವಿ ವಿಮಲಾ ಮಾಡಿದೆ.

"ಸರ್ಕಾರಿ ಕೆಲ್ಸದೋನ ಹೆಂಡ್ತಿ ನೀನು. ಸುಳ್ಳು ಹೇಳಿ ಸಿಗಾಕ್ಕೋಬೇಡ್ವೇ" ಎಂದು ಇವರು ಬೇಡಿಕೊಂಡರು.

"ಸಿಗಾಕ್ಕೊಳ್ಳೋರು ಬೇರೆ, ಸರ್ವಮಂಗಳಮ್ಮ ಬೇರೆ!" ಅಂದೆ.

ಸೋಮೇಶ್ವರಪುರದ ರಂಗಲಕ್ಷ್ಮಮ್ಮನವರು ವಿಮಲಾಳನ್ನು ನೋಡಿದ ಕೂಡಲೇ ಕರಗಿದರು. ಗಂಡ ಎಲ್ಲಿ ಅಂದಾಗ ನಾನು ಸಮುದ್ರದಷ್ಟು ದೊಡ್ಡ ಸುಳ್ಳು ಹೇಳಿದೆ. "ಹಡಗಲ್ಲಿ ಕೆಲ್ಸ ಕಣ್ರಕ್ಕ. ವರ್ಷದಲ್ಲಿ ಹತ್ತು ತಿಂಗ್ಳು ನೀರ ಮೇಲೇ ಇರ್ತಾರೆ."

"ಅಯ್ಯೋ ಪಾಪ, ಶೀತ ಆಗಲ್ವಾ?" ಎಂದು ಮರುಗಿ, ಮನೆ ಕೊಟ್ಟೇಬಿಟ್ಟರು. ಶುಕ್ರವಾರ ಬೆಳಿಗ್ಗೆ ಹಾಲು ಉಕ್ಕಿಸಿ ಒಳಗೆ ಬರುವುದು ಅಂತ ತೀರ್ಮಾನವಾಯಿತು. ಅವತ್ತೇ ಮೂವತ್ತನೇ ತಾರೀಕು!

ಶುಕ್ರವಾರ ರಂಗಲಕ್ಷ್ಮಮ್ಮನವರು ಬೀದಿಯ ಮುತ್ತೈದೆಯರನ್ನೆಲ್ಲಾ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಎದುರುಮನೆಯ ಅಜ್ಜಿ ಬಸವಲಿಂಗಮ್ಮನವರು ಆರತಿ ತಟ್ಟೆ ಹಿಡಿದು ಮುಂದಿದ್ದರು. ಇವರ ಆಫೀಸಿನ ಸೂಪರಿಂಟೆಂಡೆಂಟರ ಹೆಂಡತಿ ಶಕುಂತಲಮ್ಮನವರೂ ಅದೇ ಬೀದಿಯವರಂತೆ, ಅವರೂ ಬಂದಿದ್ದರು. ಬೀಗದಕೈ ವಿಲ್ಮಾ ಕೈಗೆ ಬಂತು. ಅವಳು ಈ ಸಲ ಜಾಣತನದಿಂದ ತಲೆ ಬಗ್ಗಿಸಿ ಹೊಸಿಲು ದಾಟಲು ಹೊರಟಳು. ನನ್ನ ಜನ್ಮ ಸಾರ್ಥಕವಾಗಲು ಒಂದು ಹೆಜ್ಜೆ ಬಾಕಿ!

ಬಸವಲಿಂಗಮ್ಮಜ್ಜಿ ಬಾಗಿಲಿಗೆ ಕೈ ಅಡ್ಡ ಹಿಡಿದರು. "ಊಂಹೂಂ! ಗಂಡನ ಹೆಸ್ರು ಹೇಳ್ದೆ ಒಳಕ್ ಬುಡಲ್ಲ!"

ಹೊಸದಾಗಿ ಮನೆಗೆ ಬರುವ ಹೆಣ್ಣನ್ನು ಹೊಸಿಲಲ್ಲಿ ತಡೆದು ಗಂಡನ ಹೆಸರು ಹೇಳಿಸಿ ನಗುವುದು ನಮ್ಮಲ್ಲಿ ಇದ್ದದ್ದೇ. ಅದು ನನಗೇ ಮರೆತುಹೋಗಿತ್ತು! ಗಂಡನನ್ನು ಸೃಷ್ಟಿಸಿದ್ದೆ, ಹಡಗು ಕೊಟ್ಟಿದ್ದೆ, ಸಮುದ್ರ ಕೊಟ್ಟಿದ್ದೆ. ಹೆಸರು ಕೊಟ್ಟಿರಲಿಲ್ಲ! ಹೆಸರೇ ಹೇಳದ ಬಾಯಿಗೆ ಹೆಸರಿಡುವ ಯೋಚನೆ ಎಲ್ಲಿಂದ ಬರಬೇಕು?

"ಹೇಳ್ಬುಡು ಮಗಾ, ನಾಚ್ಕೋಬ್ಯಾಡ. ಯಜಮಾನ್ರ ಹೆಸರೇನು?"

ನಾನು ಬಾಯಿ ತೆರೆಯುವ ಮೊದಲೇ ವಿಲ್ಮಾ ಸೆಟೆದು ನಿಂತಳು.

"ರುದ್ರಯ್ಯ! ದ್ವಿತೀಯ ದರ್ಜೆ ಗುಮಾಸ್ತರು! ಕೃಷಿ ಇಲಾಖೆ, ತುಮಕೂರು!"

ಮುತ್ತೈದೆಯರೆಲ್ಲಾ ನನ್ನ ಕಡೆ ತಿರುಗಿದರು.

"ಹಡಗು ಅಂದ್ರಲ್ಲಾ?" ಎಂದರು ರಂಗಲಕ್ಷ್ಮಮ್ಮ. "ಕೃಷಿ ಇಲಾಖೇಲಿ ಹಡಗು ಎಲ್ಲೈತೆ?"

"ಅಮಾನಿಕೆರೇಲಿ ಬುಟ್ಟಿರ್ಬೇಕು" ಅಂದರು ಅಜ್ಜಿ.

ಇನ್ನೂ ನಗು ಮುಗಿದಿಲ್ಲ, ಜಟಕಾ ಬಂದು ನಿಂತಿತು. ಅದರಿಂದ ನಮ್ಮ ಮನೆಯವರು ವಿಲ್ಮಾಳ ಟ್ರಂಕನ್ನು ತಲೆ ಮೇಲೆ ಹೊತ್ತು, ಕಂಕುಳಲ್ಲಿ ರಾಗಿ ತೆನೆಯ ಕಟ್ಟು ಇಟ್ಟುಕೊಂಡು ಇಳಿದರು. ಬರುವುದಕ್ಕೆ ಬೇರೆ ಗಳಿಗೆಯೇ ಇರಲಿಲ್ಲವೇ!

"ಯಾರಪ್ಪಾ ನೀನು?" ಅಜ್ಜಿ ಕೇಳಿದರು.

"ನಾನು ರುದ್ರಯ್ಯ ಅಂತ. ಕೃಷಿ ಇಲಾಖೆ. ಇದನ್ನ ಎಲ್ಲಿ ಇಳಿಸ್ಲಿ ತಾಯಿ?"

"ಬಂದ್ರು ಬಂದ್ರು! ಒಳ್ಳೇ ಟೈಮಿಗೇ ಬಂದವ್ರೆ! ಜೋಡೀಲಿ ನಿಲ್ಸಿ, ಆರತಿ ಎತ್ತಾನ!"

ನಾನು ಬೇಡ ಅನ್ನುವಷ್ಟರಲ್ಲಿ ನಾಲ್ಕು ಜನ ಹಿಡಿದು ಇವರನ್ನು ವಿಲ್ಮಾ ಪಕ್ಕ ನಿಲ್ಲಿಸಿದರು. ಇವರ ತಲೆ ಮೇಲಿನ ಟ್ರಂಕು ಸೇರಿ ಇಬ್ಬರೂ ಒಂದೇ ಎತ್ತರ ಕಂಡರು. ಕೆಂಪು ನೀರಿನ ಆರತಿ ಮೂರು ಸುತ್ತು ತಿರುಗಿತು. ವಿಲ್ಮಾ ಎಲ್ಲರಿಗೂ "ಧನ್ಯವಾದಗಳು, ಧನ್ಯವಾದಗಳು" ಅನ್ನುತ್ತಿದ್ದಳು!

ಇವರು ನನ್ನ ಯಜಮಾನರು ಎಂದು ಶಕುಂತಲಮ್ಮನವರು ಕಿವಿಯಲ್ಲಿ ಉಸುರಿದ್ದೇ ತಡ, ರಂಗಲಕ್ಷ್ಮಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು. "ಸರ್ವಮಂಗಳಮ್ಮ, ನಿಮ್ಮಂಥ ದೊಡ್ಡ ಮನಸ್ಸು ನಾನು ಕಂಡಿಲ್ಲ. ಸವತಿಗೆ ಬೀದಿ ಬೀದಿ ಅಲೆದು ಮನೆ ಹುಡುಕ್ತಾರಾ ಯಾರಾದ್ರೂ? ಮನೆ ಇವ್ರಿಗೇ. ಎಷ್ಟು ವರ್ಷ ಬೇಕಾದ್ರೂ ಇರ್ಲಿ!"

ನೋಡಿ ನನ್ನ ಸಂಕಟ! ಸುಮ್ಮನಿದ್ದರೆ ಮನೆ ಸಿಕ್ಕಿತು, ವಿಲ್ಮಾ ಉಳಿದಳು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಯೂಬಿಡುತ್ತಿದ್ದೆ. ಆಗ ಶಕುಂತಲಮ್ಮನವರು ತಣ್ಣಗೆ ಅಂದರು, "ಸರ್ಕಾರಿ ನೌಕ್ರಿಯೋರು ಎರಡ್ನೇ ಮದ್ವೆ ಮಾಡ್ಕೊಂಡ್ರೆ ಕೆಲ್ಸ ಹೋಗುತ್ತೆ ಅಂತ ನಮ್ಮನೆಯವ್ರು ಹೇಳ್ತಿರ್ತಾರೆ. ಇವತ್ತು ಮಧ್ಯಾಹ್ನ ಊಟಕ್ಕೆ ಬಂದಾಗ ಕೇಳ್ಬೇಕು."

ಟ್ರಂಕಿನ ಕೆಳಗೆ ನಮ್ಮ ಮನೆಯವರ ಮುಖ ಬಿಳಿಚಿತು. ನಾನು ಅಲ್ಲೇ ಹೊಸಿಲ ಮುಂದೆ ಕುಸಿದು ಕೂತು, ಕರಿಮಣಿಯಿಂದ ಹಿಡಿದು ಹಡಗಿನವರೆಗೆ ಎಲ್ಲಾ ಒಪ್ಪಿಕೊಂಡೆ.

ರಂಗಲಕ್ಷ್ಮಮ್ಮ ಕಣ್ಣೊರೆಸಿಕೊಂಡರು. ಆಮೇಲೆ ವಿಲ್ಮಾಳ ಕೈಯಿಂದ ಬೀಗದಕೈ ತೆಗೆದುಕೊಂಡರು. "ಮದ್ವೆ ಆಗಿಲ್ಲ ಅನ್ನೋದ್ಕಲ್ಲ. ಅರಿಶಿನ ಕುಂಕುಮದಲ್ಲೂ ಸುಳ್ಳು ಹೇಳಿದ್ರಲ್ಲಾ, ಅದಕ್ಕೆ" ಅಂದರು.

ಜಟಕಾ ವಾಪಸ್ ಹೊರಟಿತು. ಟ್ರಂಕು, ರಾಗಿ ತೆನೆ, ನಾವು ಮೂವರು. ನಮ್ಮ ಮನೆಯವರಂತೂ ಹೊಸ ಹೆಸರಿನ ಮಾತೂ ಎತ್ತಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಅರ್ಧ ದಾರಿಯಲ್ಲಿ ವಿಲ್ಮಾ ಕೇಳಿದಳು.

"ಅಕ್ಕ, ನಿಮ್ಮ ಮನೆಯ ಹಿಂದೆ ಒಂದು ಕೋಣೆ ಇದೆ. ಅದರಲ್ಲಿ ಯಾರು ವಾಸವಾಗಿದ್ದಾರೆ?"

"ಯಾರೂ ಇಲ್ಲ ಕಣೇ. ಸೌದೆ, ಹಳೇ ಡಬ್ಬ, ಒಂದು ಗಡಿಗೆ ಹುಣಸೆಹಣ್ಣು."

ಅವಳು ತುಂಬಾ ಗಂಭೀರವಾಗಿ ನನ್ನ ಮುಖ ನೋಡಿದಳು.

"ಆ ಹುಣಸೆಹಣ್ಣಿಗೆ ಮದುವೆ ಆಗಿದೆಯೇ?"

ಮೊದಲು ನಕ್ಕವನು ಜಟಕಾದ ಅಂಜಿನಪ್ಪ. ಆಮೇಲೆ ನಮ್ಮ ಮನೆಯವರು. ಅವರ ನಗುವಿಗೆ ಬೆಚ್ಚಿ ಕುದುರೆ ಎರಡು ಹೆಜ್ಜೆ ಓಡಿತು. ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಹದಿನೇಳು ಮನೆಯವರನ್ನು ಬೈದುಕೊಂಡು ತಿರುಗಿದ್ದೆನಲ್ಲ, ಅವರು ಕೇಳಿದ್ದನ್ನೆಲ್ಲಾ ಮೊದಲ ದಿನ ಹುರುಳಿಕಾಳಿನ ಮುಂದೆ ಕೂತು ಕೇಳಿದವಳು ನಾನೇ! ಹಾಗೆ ಕೇಳಿದ ಹದಿನೆಂಟನೇ ಮನೆ ನಮ್ಮದೇ!

ಅವತ್ತು ಸಂಜೆ ನಾಲ್ಕಕ್ಕೆ ಹುಣಸೆಹಣ್ಣು ಅಟ್ಟಕ್ಕೆ ಏರಿತು. ಐದಕ್ಕೆ ಮುಂಚೆ ಸಾಹೇಬರ ಮೇಜಿಗೆ ವಿಳಾಸ ಹೋಯಿತು. ಹಾಲೂ ಉಕ್ಕಿತು. ಉಕ್ಕುವ ಹೊತ್ತಿಗೆ ವಿಲ್ಮಾ "ಅಯ್ಯೋ!" ಎಂದು ಪಾತ್ರೆ ಇಳಿಸಲು ಓಡಿಬಂದಳು, ಅವಳ ಕೈ ಹಿಡಿದು ನಿಲ್ಲಿಸಿದೆ.

ಮೂರು ವರ್ಷ ಇದ್ದಳು. ಮುದ್ದೆ ನುಂಗಲು ಕಲಿತಳು. ಅವಳು ಮೊಟ್ಟೆ ಬೇಯಿಸಿದಾಗ ಹಿತ್ತಲ ಬಾಗಿಲು ತೆರೆದಿಡುವುದನ್ನು ನಾನು ಕಲಿತೆ. ಪುಸ್ತಕದ ಕನ್ನಡ ಸವೆದು ನಮ್ಮ ಬೀದಿಯ ಕನ್ನಡ ಬಂತು. ನಮ್ಮ ಮನೆಯವರನ್ನು ರೇಗಿಸಬೇಕಾದಾಗಲೆಲ್ಲ ಶಾಲೆಯ ಹುಡುಗಿಯ ಹಾಗೆ ಸೆಟೆದು ನಿಂತು ಹೆಸರು, ದರ್ಜೆ, ಇಲಾಖೆ ಎಲ್ಲಾ ಒಪ್ಪಿಸುತ್ತಿದ್ದಳು. ನನ್ನ ಬದಲಿಗೆ ಊರೆಲ್ಲಾ ಆ ಹೆಸರು ಹೇಳಿದವಳು ಅವಳೇ.

ಎಂಬತ್ತೆರಡರಲ್ಲಿ ರಾಗಿ ಓದು ಮುಗಿಯಿತು. ಕಳಿಸಲು ರೈಲ್ವೆ ಸ್ಟೇಷನ್ನಿಗೆ ಹೋಗಿದ್ದೆವು. ನಮ್ಮ ಮನೆಯವರು ಟ್ರಂಕು ಹತ್ತಿಸಿ, ದೂರದ ಸಿಗ್ನಲ್ ಕಂಬ ನೋಡುವವರಂತೆ ನಿಂತಿದ್ದರು. ಕಣ್ಣು ಆ ಕಡೆ, ಎರಡೂ ಕಿವಿ ಈ ಕಡೆ. ಗಾರ್ಡು ಸೀಟಿ ಊದಿದ. ವಿಲ್ಮಾ ಕಿಟಕಿಯಿಂದ ಬಗ್ಗಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು.

"ಅಕ್ಕಾ, ಇನ್ಮೇಲೆ ನಾನಿರಲ್ಲ ಕಣಕ್ಕಾ. ಒಂದೇ ಒಂದ್ಸಲ ನಾನು ಕೇಳ್ಕೊಂಡು ಹೋಗ್ತೀನಿ, ನೀವೇ ಹೇಳ್ಬುಡಿ. ನಿಮ್ಮ ಯಜಮಾನ್ರ ಹೆಸರೇನು?"