ಗರುಡನಿಗೆ ಕೈಮುಗಿದು ನೀರುಕೋಳಿ ಓಡಿಸಿದ್ದು

ನೀರುಕೋಳಿಗಳನ್ನು ಓಡಿಸಿದವಳು ನಾನೇ. ನಾಯಿಯೂ ಅಲ್ಲ, ಗಾಳಿಯೂ ಅಲ್ಲ. ಅಲ್ಲಿದ್ದವರೆಲ್ಲ ಸಾಕ್ಷಿ.

ಮೊಮ್ಮಗಳು ಸ್ಮಿತಾ, ಕಣ್ಣಾರೆ ಕಂಡ ಒಂದು ಹಕ್ಕಿ ಸಂಸಾರದ ಚಿತ್ರ ಬರೆದು ಸೋಮವಾರ ಶಾಲೆಯಲ್ಲಿ ಒಪ್ಪಿಸಬೇಕಿತ್ತು. ಜೆ.ಪಿ. ನಗರದ ನಮ್ಮ ಬೀದಿಯ ರಾಯರು ನಿವೃತ್ತರಾದ ಮೇಲೆ ಹಕ್ಕಿ ಹುಚ್ಚು ಹಿಡಿಸಿಕೊಂಡವರು. ಶನಿವಾರ, ಭಾನುವಾರ ಬೆಳಿಗ್ಗೆ ಒಂದಷ್ಟು ಜನರನ್ನು ಕೆರೆಗೆ ಕರೆದೊಯ್ಯುತ್ತಿದ್ದರು. "ಜೊಂಡಿನೊಳಗೆ ನೀರುಕೋಳಿ ಮರಿ ಮಾಡಿದೆ, ಮಗೂನ ಕಳಿಸಿ" ಎಂದರು. ಶನಿವಾರ ನಾನೂ ಹೊರಟೆ. ಹಕ್ಕಿ ನೋಡುವುದಕ್ಕೆ ಓದು ಬೇಕೆ? ಕಣ್ಣಿದ್ದರೆ ಸಾಕು!

ನನ್ನ ಕೆಂಪು ಸೀರೆ ನೋಡಿ ರಾಯರು ನಿಟ್ಟುಸಿರು ಬಿಟ್ಟರು. "ಅಮ್ಮಾ, ಮಣ್ಣಿನ ಬಣ್ಣದ್ದು ಉಟ್ಕೊಂಡು ಬರ್ಬೇಕಿತ್ತು."

"ನಾಲ್ಕು ಜನರ ಮಧ್ಯೆ ಬರೋವಾಗ ಮಣ್ಣಿನ ಬಣ್ಣ ಯಾರು ಉಡ್ತಾರೆ ರಾಯರೇ?"

"ಷ್!"

ದಡದಲ್ಲಿ ಕೂತೆವು. ಉಪ್ಪಿಟ್ಟಿನ ಡಬ್ಬಿಯ ಮುಚ್ಚಳ ಕಲ್ಲಿನ ಮೇಲೆ ಬಿತ್ತು. ಠಣ್! ಒಂದು ಬಕ ಎದ್ದು ಹೋಯಿತು. ಎಲ್ಲರೂ ನನ್ನತ್ತ ತಿರುಗಿದರು. ನಾನು ಸ್ಮಿತಾಳತ್ತ ತಿರುಗಿದೆ.

ಅರ್ಧ ಗಂಟೆಯಾದ ಮೇಲೆ ಜೊಂಡು ಅಲುಗಿತು. ನೇರಳೆ ಬಣ್ಣದ ತಾಯಿ ಕೆಂಪು ಕೊಕ್ಕು ಹೊರಹಾಕಿತು. ಸ್ಮಿತಾ ಪೆನ್ಸಿಲ್ ಹಿಡಿದಳು. ರಾಯರು ಉಸಿರು ಬಿಗಿಹಿಡಿದು ದುರ್ಬೀನು ಕಣ್ಣಿಗೆ ಒತ್ತಿಕೊಂಡರು. ಅದೇ ಹೊತ್ತಿಗೆ ತಲೆಯ ಮೇಲೆ ಬಿಳಿ ಕತ್ತಿನ ಗರುಡ!

ಬೆಳಿಗ್ಗೆ ಗರುಡ ದರ್ಶನವಾದರೆ ಸುಮ್ಮನಿರುವ ಅಭ್ಯಾಸ ನನ್ನ ಕೈಗೂ ಇಲ್ಲ, ಬಾಯಿಗೂ ಇಲ್ಲ. ಎದ್ದು ನಿಂತು ಕೆನ್ನೆಗೆ ಪಟಪಟ ಬಡಿದುಕೊಂಡೆ. "ಕೃಷ್ಣಾ! ಕೃಷ್ಣಾ!" ಎಂದು ಕೂಗಿದೆ. ಒಂದು ಡಜನ್ ಗಾಜಿನ ಬಳೆಗಳೂ ದನಿಗೂಡಿಸಿದವು.

ಇಡೀ ಕೆರೆಯೇ ಹಾರಿಹೋಯಿತು!

"ಮೂರು ವಾರದಿಂದ ಕಾಯ್ತಿದ್ದೆನಲ್ಲಮ್ಮಾ..." ರಾಯರಿಗೆ ಅಳುವೊಂದು ಬಾಕಿ.

"ಗರುಡ ಬಂದಿದ್ದ ರಾಯರೇ!"

"ಅವನೂ ಹೋದ, ನೋಡಿ!"

ಸ್ಮಿತಾಳ ಹಾಳೆಯಲ್ಲಿ ಬರೀ ಕೊಕ್ಕು ಇತ್ತು. ಮಗು ದಾರಿಯುದ್ದಕ್ಕೂ ನನ್ನ ಕೈ ಹಿಡಿಯಲಿಲ್ಲ.

ಮರುದಿನ ಬೆಳಿಗ್ಗೆ ಅವಳನ್ನು ರಾಯರಿಗೆ ಒಪ್ಪಿಸಿ, ನಾನು ಕೆರೆಯ ಗೇಟಿನ ಹೊರಗೇ ಸೊಪ್ಪಿನವಳ ಪಕ್ಕ ಕೂತೆ. ಮೆಲ್ಲಗೇ ಮಾತಾಡುತ್ತಿದ್ದೆ. ಸ್ಮಿತಾ ಓಡಿಬಂದಳು.

"ಅಜ್ಜೀ, ನಿನ್ನ ಮಾತು ಜೊಂಡಿನ ತನಕ ಕೇಳಿಸ್ತಿದೆ. ನೀನು ಮನೆಗೆ ಹೋಗ್ಬೇಕಂತೆ!"

ಎರಡು ಕಟ್ಟು ದಂಟಿನ ಸೊಪ್ಪು ಕೊಂಡು ಮನೆಗೆ ಹೋದೆ. ಅದನ್ನು ಬಿಡಿಸಿ ಮುಗಿಸುವಷ್ಟರಲ್ಲಿ ಅವಳು ಕುಣಿಯುತ್ತ ಬಂದು ಹಾಳೆಯನ್ನು ನನ್ನ ಮುಂದೆ ಹಿಡಿದಳು. ತಾಯಿ, ಹಿಂದೆ ನಾಲ್ಕು ಕಪ್ಪು ಮರಿ.

"ಯಾವಾಗ ಬಂದ್ವೇ?"

"ನೀನು ಹೋದ ತಕ್ಷಣ, ಅಜ್ಜಿ!"