ಮೀಸೆ ಕ್ಯಾಪ್ಟನ್ ಮತ್ತು ನಾಲ್ಕನೆಯ ನಿಂಬೆಹಣ್ಣು

ವಿಮಾನ ಕಲಿಯುವವರಿಗೆ ಗಾಳಿ, ಮೋಡಗಳದೇ ಕಾಟ ಎಂದು ಜನ ತಿಳಿದಿದ್ದಾರೆ. ನಮಗೆ ಅವು ಏನೂ ಮಾಡಲಿಲ್ಲ. ಕಾಟ ಕೊಟ್ಟವರೆಲ್ಲ ನಮಗಿಂತ ಒಂದೆರಡು ವರ್ಷ ಮೊದಲು ಕಲಿತ ಪೈಲಟ್‌ಗಳು. ಇಂಥದ್ದು ಎಲ್ಲ ಕಡೆ, ಎಲ್ಲ ಕಾಲಕ್ಕೂ ನಡೆಯುತ್ತದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಸೊಸೆಯ ಕಾಲ ಬರುವುದನ್ನು ಮಾತ್ರ ನಾನು ಕಣ್ಣಾರೆ ಕಂಡೆ.

ಎಂಬತ್ತರ ದಶಕದ ಕೊನೆ. ನಮ್ಮ ನಿಪ್ಪಾಣಿಯಿಂದ ಗಡಿ ದಾಟಿದರೆ ಒಂದು ವಿಮಾನ ಮೈದಾನ, ಅಲ್ಲೊಂದು ಫ್ಲೈಯಿಂಗ್ ಕ್ಲಬ್ಬು. ಎರಡು ಸೀಟಿನ ಹಳೆಯ ವಿಮಾನಗಳು ಎರಡು. ರೇಡಿಯೋ ಇಲ್ಲ, ಒಂದು ಹಾರಿದರೆ ಇನ್ನೊಂದು ಹೆಚ್ಚಾಗಿ ರಿಪೇರಿಯಲ್ಲಿ. ಕಲಿಸುವ ಗುರುಗಳು ಸೈನ್ಯದಿಂದ ನಿವೃತ್ತರಾದವರು, ಕಿವಿ ಸ್ವಲ್ಪ ಮಂದ. ಹೊಸದಾಗಿ ಸೇರಿದವರು ನಾನು ಮತ್ತು ಸದಲಗಾದ ಒಬ್ಬ ಹುಡುಗಿ. ಅವಳದು ಜೈನರ ಒಕ್ಕಲುತನದ ಮನೆ. ತಂದೆ ಒಂದೇ ಶರತ್ತು ಹಾಕಿ ಕಳಿಸಿದ್ದರು: "ದೀಪಾವಳಿಯೊಳಗ ಒಬ್ಬಾಕಿನ ಹಾರಿಸಿ ತೋರಸು. ಆಗಲಿಲ್ಲಂದ್ರ ಸುಮ್ಮನ ಮನಿಗೆ ಬಾ. ಕಾಗವಾಡದಾಗ ದ್ರಾಕ್ಷಿ ತೋಟದವರ ಹುಡುಗ ಕಾಯಾಕತ್ತಾನ."

ನಮ್ಮ ಪಾಲಿನ ಅತ್ತೆ ಅಂದರೆ ಮೀಸೆ ಕ್ಯಾಪ್ಟನ್. ನಿಜವಾಗಿ ಕ್ಯಾಪ್ಟನ್ ಅಲ್ಲ, ಅಥಣಿ ಕಡೆಯ ಸೀನಿಯರ್ ಹುಡುಗ. ಲೈಸನ್ಸ್ ಬರುವುದಕ್ಕೂ ಮುಂಚೆ ಮೀಸೆ ಬಂದಿತ್ತು, ಅದರ ಧಿಮಾಕೂ ಬಂದಿತ್ತು.

ಒದೆಯುವ ಎಮ್ಮೆ

ಮೊದಲ ದಿನವೇ ಅವನು ತನ್ನ ವಿಮಾನ ತೊಳೆಯಲು ನಮ್ಮಿಬ್ಬರನ್ನು ಹಚ್ಚಿದ. ತಾನು ರೆಕ್ಕೆಯ ನೆರಳಿಗೆ ಕುರ್ಚಿ ಹಾಕಿಕೊಂಡು ಕೂತ. ನಾನು ಹಲ್ಲು ಕಚ್ಚಿಕೊಂಡು ಉಜ್ಜುತ್ತಿದ್ದೆ. ಅವಳು ಮಾತ್ರ ಮನೆಯ ದನದ ಮೈ ತೊಳೆಯುವವಳಂತೆ ಸಂತೋಷದಿಂದ ತೊಳೆಯುತ್ತಿದ್ದಳು. ಅದೇ ಅವನಿಗೆ ಸೇರಲಿಲ್ಲ.

"ಏನ ಬೇ, ಎಮ್ಮಿ ಹಿಂಡೂದು ಬಿಟ್ಟು ಇಲ್ಲಿಗ್ಯಾಕ ಬಂದಿ? ಎಮ್ಮಿ ಬ್ಯಾರೆ, ವಿಮಾನ ಬ್ಯಾರೆ."

"ಖರೇ ಐತ್ರಿ ಸರ," ಅಂದಳು ಅವಳು ತಲೆ ಎತ್ತದೆ. "ಎಮ್ಮಿ ಒದಿಯೂಕಿಂತ ಮೊದಲ ಕಾಲು ಎತ್ತತೈತ್ರಿ, ಗೊತ್ತಾಗತೈತಿ. ನೀವು ಬಂದ ಕೂಡ್ಲೇ ಒದ್ದ ಬಿಡ್ತೀರಿ."

ಗಟ್ಟಿ ಮೊಸರು

ಮಾತಿಗೆ ಮಾತು ಸರಿ, ಆದರೆ ಹಾರುವ ಪಾಳಿ ಅವನ ಕೈಯಲ್ಲಿತ್ತು. ಅವಳ ಪಾಳಿ ಬಂದಾಗಲೆಲ್ಲ "ನಂದು ಅರ್ಜೆಂಟ್ ಐತಿ" ಎಂದು ಹತ್ತಿಬಿಡುತ್ತಿದ್ದ. ಗುರುಗಳಿಗೆ ಹೇಳಿದರೆ ಅವರಿಗೆ ಅರ್ಧ ಕೇಳುತ್ತಿತ್ತು, ಉಳಿದರ್ಧ ಕೇಳುವ ಮನಸ್ಸಿರಲಿಲ್ಲ. ಒಂದೊಂದು ಪಾಳಿ ತಪ್ಪಿದಾಗಲೂ ಅವಳಿಗೆ ದ್ರಾಕ್ಷಿ ತೋಟ ಹತ್ತಿರ ಬಂದಂತೆ ಆಗುತ್ತಿತ್ತು. ಒಮ್ಮೆ ಹ್ಯಾಂಗರಿನ ಹಿಂದೆ ನಿಂತು ಅತ್ತಿದ್ದನ್ನು ನಾನು ನೋಡಿದ್ದೇನೆ. ಅತ್ತು ಮುಗಿಸಿ ಮುಖ ತೊಳೆದು ಬಂದವಳು ಮರುದಿನ ದೊಡ್ಡ ಬುತ್ತಿ ತಂದಳು.

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ತುಪ್ಪ, ಚಮಚ ನೆಟ್ಟರೆ ನಿಲ್ಲುವಂಥ ಮೊಸರು. "ಬರ್ರಿ ಸರ, ಉಣ್ಣೂಣು" ಎಂದು ಕರೆದಳು. ಉಣ್ಣಾಕ ಬರ್ರಿ ಅಂದರೆ ಒಲ್ಲೆ ಅನ್ನುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಅವನು ಉಂಡ. ಅವಳು ಬಡಿಸಿದಳು. ಮತ್ತೆ ಉಂಡ. ಬೇವಿನ ಗಿಡದ ಕೆಳಗೆ ಒರಗಿದವನು ಅಲ್ಲೇ ಗೊರಕೆ ಹೊಡೆದ.

ಅವಳು ಹೋಗಿ ವಿಮಾನ ಹತ್ತಿ ಕೂತಳು. ಗುರುಗಳು "ಕ್ಯಾಪ್ಟನ್ ಎಲ್ಲಿ?" ಎಂದು ಕೇಳಿದರು.

"ಉಂಡು ಉಂಡು ವಜ್ಜಿ ಜಾಸ್ತಿ ಆಗೇತ್ರಿ ಸರ. ಇವತ್ತ ಅವರು ನೆಲಾ ಬಿಟ್ಟು ಏಳೂದಿಲ್ಲ."

ಸೈಡು

ಎರಡೂ ವಿಮಾನ ಸರಿ ಇದ್ದ ದಿನಗಳು ಇನ್ನೂ ಕಷ್ಟ. ಗುರುಗಳ ಜೊತೆ ಅವಳು ಹದವಾಗಿ ಇಳಿಯುತ್ತಿದ್ದರೆ ಇವನು ಎಲ್ಲಿಂದಲೋ ಅಡ್ಡ ಬಂದು ಮುಂದೆ ತೂರುತ್ತಿದ್ದ. ಇಳಿಯುವವರು ಮತ್ತೆ ಮೇಲೇರಿ ಸುತ್ತು ಹಾಕಿ ಬರಬೇಕು. ಒಂದು ದಿನ ಅವಳಿಗೆ ಮೂರು ಸಲ ಹಾಗಾಯಿತು. ಇಳಿದ ಮೇಲೆ ಅವನೇ ಬಂದು ರೇಗಿದ: "ಯಾರು ಬರಾಕತ್ತಾರ, ನೋಡಾಕ ಬರೂದಿಲ್ಲೇನ?"

ಕೆಳಗೆ ನಿಂತು ನೋಡಿದ ನನಗೇ ಮೈ ಉರಿಯಿತು. ಅವಳು ಶಾಂತವಾಗಿ ಕೇಳಿದಳು: "ಸರ, ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರ್‌ದವರೂ ಸೈಡ್ ಕೊಡೂದಿಲ್ರಿ. ಆದ್ರ ಹಿಂದ 'ಹಾರ್ನ್ ಹೊಡೀರಿ' ಅಂತರ ಬರಸಿರತಾರ. ನಿಮ್ಮ ವಿಮಾನದ ಬಾಲಕ್ಕ ಏನ ಬರಸೂಣ್ರಿ?"

ಕಳೆದುಹೋದ ಗಾಲಿ

ದೀಪಾವಳಿಗೆ ವಾರವೂ ಉಳಿದಿರಲಿಲ್ಲ. ಅವಳ ಸಂಜೆಯ ಪಾಳಿಯನ್ನು ಕಸಿದುಕೊಂಡು ಮೀಸೆ ಕ್ಯಾಪ್ಟನ್ ಒಬ್ಬನೇ ಹಾರಿ ಹೋದ. ಹೊತ್ತು ಇಳಿಯಿತು, ಅವನು ಬರಲಿಲ್ಲ. ನಮಗೆ ಜೀವ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಸದಲಗಾದ ಪೋಸ್ಟಾಫೀಸಿನಿಂದ ಫೋನ್ ಬಂತು.

ಆ ದಿನಗಳಲ್ಲಿ ನೆಲದ ತುಂಬ ಆಳೆತ್ತರದ ಕಬ್ಬು. ಮೇಲಿನಿಂದ ಎಲ್ಲ ಊರೂ ಒಂದೇ ಥರ. ಕೃಷ್ಣಾ ಹೊಳೆ ಯಾವುದು, ದೂಧಗಂಗಾ ಯಾವುದು ಎಂದು ತಿಳಿಯದೆ, ಕತ್ತಲಾಗುವ ಹೆದರಿಕೆಯಿಂದ ಅವನು ಸದಲಗಾದ ದನ ಮೇಯುವ ಗಾಯರಾಣದಲ್ಲಿ ಇಳಿದಿದ್ದ. ಅವನಿಗೂ ಏನೂ ಆಗಿರಲಿಲ್ಲ, ವಿಮಾನಕ್ಕೂ ಏನೂ ಆಗಿರಲಿಲ್ಲ.

ಮುಂದಿನದನ್ನು ಅವಳ ತಂದೆಯ ಬಾಯಿಂದಲೇ ಕೇಳಿದ್ದೇನೆ. ವಿಮಾನ ಇಳಿದದ್ದೇ ತಡ, ಮನೆಮಗಳೇ ಬಂದಳೆಂದು ಅಜ್ಜಿ ಆರತಿ ತಟ್ಟೆ ಹಿಡಿದು ಓಡಿದರು. ಒಳಗಿಂದ ಮೀಸೆ ಇಳಿಯಿತು. ಹಚ್ಚಿದ ಆರತಿ ಆರಿಸಬಾರದೆಂದು ಮೀಸೆಗೇ ಬೆಳಗಿದರು. ಮೊಮ್ಮಗಳ ಕ್ಲಬ್ಬಿನವನೆಂದು ತಿಳಿದ ಮೇಲಂತೂ ಉಪಚಾರವೋ ಉಪಚಾರ. ಜೈನರಲ್ಲವೇ, ಹೊತ್ತು ಮುಳುಗಿದ ಮೇಲೆ ಅವರ ಮನೆಯಲ್ಲಿ ಊಟವಿಲ್ಲ. "ಲಗೂನ ಉಣ್ಣೋ ತಮ್ಮಾ, ಹೊತ್ತು ಮುಳಗಾಕತ್ತೈತಿ" ಎಂದು ಎರಡೂ ಕಡೆಯಿಂದ ಹೋಳಿಗೆ ಬಡಿಸಿದರು.

ತುತ್ತು ಬಾಯಲ್ಲಿರುವಾಗಲೇ ತಂದೆ ಕೇಳಿದರು: "ನಮ್ಮ ಹುಡುಗಿ ಒಬ್ಬಾಕಿನ ಹಾರಿಸ್ತಾಳೇನ್ರಿ? ಖರೇ ಹೇಳ್ರಿ. ಕಾಗವಾಡದವರಿಗೆ ಮಾತು ಕೊಡಬೇಕಾಗೇತಿ."

ಹೋಳಿಗೆ ನುಂಗಿ ಅವನೆಂದ: "ಆಕೀ ಪಾಳಿ ನಾ ಕಸಗೊಳ್ಳದಿದ್ರ ಯಾವಾಗಲೋ ಹಾರತಿದ್ಲ್ರಿ ಕಾಕಾ."

ಮರುದಿನ ಮುಂಜಾನೆ ಗುರುಗಳು ಅವಳನ್ನೇ ಕೂರಿಸಿಕೊಂಡು ಸದಲಗಾಕ್ಕೆ ಹಾರಿದರು. ಕೆಳಗೆ ಅಜ್ಜಿ ನಾಲ್ಕು ನಿಂಬೆಹಣ್ಣು ತಂದಿದ್ದರು. ಹೊಸ ಟ್ರ್ಯಾಕ್ಟರ್ ಹೊರಡಿಸುವಾಗ ಗಾಲಿಗೊಂದು ಇಡುತ್ತೇವಲ್ಲ, ಹಾಗೆ. ಅವನ ವಿಮಾನದ ಮುಂದಿನ ಎರಡು ಗಾಲಿಗೆ ಎರಡು, ಬಾಲದ ಸಣ್ಣ ಗಾಲಿಗೆ ಒಂದು. ಒಂದು ಕೈಯಲ್ಲೇ ಉಳಿಯಿತು.

"ಎಲೋ ತಮ್ಮಾ! ಇನ್ನೊಂದು ಗಾಲಿ ಎಲ್ಲಿ ಕೆಡವಿ ಬಂದ್ಯೋ?"

"ಇದಕ್ಕ ಇರೂದ ಮೂರ್ರಿ ಆಯಿ."

ಅಜ್ಜಿ ನಂಬಲಿಲ್ಲ. "ದಾರಿ ತಪ್ಪಿದಾಂವಗ ಗಾಲಿ ಬಿದ್ದದ್ದ ಏನ ತಿಳೀತೈತಿ?" ಎಂದು ಮಂದಿಯನ್ನು ಕಬ್ಬಿನೊಳಗೆ ಹುಡುಕಲು ಅಟ್ಟಿದರು. ನಾಲ್ಕನೆಯ ಹಣ್ಣನ್ನು ಅವನ ಕಿಸೆಗೆ ತುರುಕಿದರು.

ಸ್ವಲ್ಪ ಹೊತ್ತಿನಲ್ಲೇ ಇತ್ತ ನಮ್ಮ ಕ್ಲಬ್ಬಿನ ಮೈದಾನದ ಮೇಲೆ ಎರಡು ವಿಮಾನ ಕಾಣಿಸಿದವು. ಮುಂದೆ ಅವಳು, ಹಿಂದೆ ಕುರಿಮರಿಯಂತೆ ಅವನು. ಅವಳು ಇಳಿಯುವವರೆಗೆ ಅವನು ಸುತ್ತು ಹಾಕುತ್ತ ಕಾದ. ನನಗೆ ಚಪ್ಪಾಳೆ ಹೊಡೆಯುವಷ್ಟು ಆನಂದವಾಯಿತು.

ಗುರುಗಳು ವಿಮಾನದಿಂದ ಇಳಿದು ಬಾಗಿಲು ಹಾಕಿದರು. "ಈಗ ಒಬ್ಬಳೇ ಹೋಗಿ ಬಾ" ಅಂದರು. ಅಷ್ಟರಲ್ಲಿ ಮೀಸೆ ಕ್ಯಾಪ್ಟನ್ ಕೈ ಎತ್ತಿಕೊಂಡು ಓಡಿ ಬಂದ. ಈಗಲೂ ಪಾಳಿ ಕೇಳುತ್ತಾನಲ್ಲ ಎಂದು ನಾನು ಅಡ್ಡ ಹೋಗಿ ನಿಂತೆ. ಅವನು ನನ್ನನ್ನು ಸರಿಸಿ, ಕಿಸೆಯಿಂದ ಆ ನಿಂಬೆಹಣ್ಣು ತೆಗೆದು, ಬಗ್ಗಿ ಅವಳ ಗಾಲಿಯ ಕೆಳಗಿಟ್ಟ. "ಹೋಗವಾ ತಂಗಿ" ಅಂದ.

ಹಣ್ಣು ಚಟ್ಟಂತ ಒಡೆಯಿತು. ಅವಳು ಹಾರಿದಳು, ಸುತ್ತಿದಳು, ಹೂವಿನಂತೆ ಇಳಿದಳು. ನಾನೂ ಮೀಸೆ ಕ್ಯಾಪ್ಟನ್ನೂ ಕೈ ಹಿಡಿದು ಕುಣಿದೆವು.

ತಕ್ಷಣ ಸದಲಗಾಕ್ಕೆ ಫೋನ್ ಹಚ್ಚಿದೆವು. ಪೋಸ್ಟಾಫೀಸಿಗೆ ಬಂದ ತಂದೆ ಸುದ್ದಿಯನ್ನು ಎರಡೆರಡು ಸಲ ಹೇಳಿಸಿಕೊಂಡರು. ಆಮೇಲೆ "ಕಾಗವಾಡದವರಿಗೆ ಇಲ್ಲಂತ ಹೇಳಿ ಕಳಸತೀನಿ" ಅಂದರು. ಹಿಂದಿನಿಂದ ಅಜ್ಜಿ ಫೋನ್ ಕಸಿದುಕೊಂಡರು.

"ಆ ಮೀಸೀ ತಮ್ಮಗ ಹೇಳ್ರಿ, ಚಿಂತಿ ಮಾಡಬ್ಯಾಡಂತ. ಅರ್ಧಾ ಕಬ್ಬ ಹುಡುಕೇವಿ, ಗಾಲಿ ಇನ್ನೂ ಸಿಕ್ಕಿಲ್ಲ!"