ಕಂತಿನಲ್ಲಿ ಹಾರಿದವರು

ರಾಮನಗರದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ. ವಿಮಾನದ ಟಿಕೆಟ್ಟನ್ನು ಕಂತಿನಲ್ಲಿ ಕೊಡಲು ಶುರು ಮಾಡಿದ ಮೇಲೆ, ನಗಬಾರದ ಹೊತ್ತಿನಲ್ಲಿ ನಗು ಬರುವಂಥದ್ದು ತಿಂಗಳಿಗೊಂದಾದರೂ ನಡೆಯುತ್ತಲೇ ಇದೆ. ಒಟ್ಟಿಗೆ ಅಷ್ಟು ದುಡ್ಡು ಹೊಂದಿಸಲಾಗದವರೇ ನನ್ನ ಹತ್ತಿರ ಬರುವುದು. ಸುಮ್ಮನೆ ತಿರುಗಾಟಕ್ಕೆಂದು ಹೋಗುವವರು ಅವರಲ್ಲಿ ಕಡಿಮೆ. ಹಾಗಾಗಿ ಅವರೆದುರು ನಗುವ ಹಾಗಿಲ್ಲ. ಅವರು ಹೋದ ಮೇಲೆ ನಗಬೇಕು.

ಸಮುದ್ರದ ಮೇಲೆ

ರೇಷ್ಮೆ ನೂಲು ತೆಗೆಯುವ ರೀಲರ್ ಒಬ್ಬರು ತಾಯಿಯನ್ನು ಉಮ್ರಾ ಯಾತ್ರೆಗೆ ಕಳಿಸಬೇಕೆಂದಿದ್ದರು. ಬಡ್ಡಿ ವ್ಯವಹಾರ ಅವರಿಗೆ ಆಗದು. "ಬಡ್ಡಿಯೇ ಇಲ್ಲ ಸಾಹೇಬ್ರೆ. ಮೊದಲು ಎಂಟು ಕಂತು ಕಟ್ಟಿ, ಆಮೇಲೆ ಹಾರಲಿ" ಎಂದೆ. ಪ್ರತಿ ತಿಂಗಳೂ ತಾಯಿ ಜೊತೆಗೇ ಬರುತ್ತಿದ್ದರು. ಗೋಡೆಯ ಮೇಲಿನ ಭೂಪಟ ನೋಡುತ್ತಾ "ಬೇಟಾ, ಈಗ ಎಲ್ಲಿಗೆ ಬಂದ್ವಿ?" ಎಂದು ಕೇಳುತ್ತಿದ್ದರು. ನಾನೂ ಬೆರಳಿಟ್ಟು ತೋರಿಸುತ್ತಿದ್ದೆ. ಎರಡನೇ ಕಂತಿಗೆ ಮಂಗಳೂರು ದಾಟಿದ್ದೆವು. ನಾಲ್ಕಕ್ಕೆ ಅರಬ್ಬಿ ಸಮುದ್ರದ ನಡುವೆ.

ಆಮೇಲೆ ರೇಷ್ಮೆಗೂಡಿನ ಬೆಲೆ ಏರಿ, ನೂಲಿನ ಬೆಲೆ ಬಿದ್ದು, ಎರಡು ತಿಂಗಳು ಮಗ ಬರಲಿಲ್ಲ. ನಾನೂ ಕೇಳಲಿಲ್ಲ. ಒಂದು ಬೆಳಿಗ್ಗೆ ತಾಯಿ ಒಬ್ಬರೇ ಬಂದು, ಸೆರಗಿನ ಗಂಟು ಬಿಚ್ಚಿ, ಮಡಚಿದ ನೋಟುಗಳನ್ನು ಮೇಜಿನ ಮೇಲಿಟ್ಟರು.

"ಆತುರ ಏನಿತ್ತಮ್ಮಾ, ನಿಧಾನಕ್ಕೆ ಕೊಡಬಹುದಿತ್ತಲ್ಲ" ಎಂದೆ.

"ನಿನಗೆ ಆತುರ ಇಲ್ಲ ಬೇಟಾ. ಎರಡು ತಿಂಗಳಿಂದ ಸಮುದ್ರದ ಮೇಲೆ ನಿಂತಿರೋಳು ನಾನು. ನನಗೆ ಈಜು ಬರಲ್ಲ."

ಯಾವ ನ್ಯಾಯ?

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯ ರೈತರೊಬ್ಬರು ತಾಯಿಯ ಅಸ್ಥಿ ಬಿಡಲು ಹೆಂಡತಿಯೊಂದಿಗೆ ಕಾಶಿಗೆ ಹೋಗಿಬಂದರು. ಇವರದು ಮೊದಲು ಹಾರಿ ಆಮೇಲೆ ಕಟ್ಟುವ ಲೆಕ್ಕ, ಹತ್ತು ಕಂತು. ಐದನೆಯದನ್ನು ಕೊಡುವಾಗ ಅವರಿಗೆ ಏನೋ ಹೊಳೆಯಿತು.

"ಅಲ್ಲ ಕಣ್ರೀ, ಓಗ್ತಾ ಎರಡೂವರೆ, ಬರ್ತಾ ಎರಡೂವರೆ ಗಂಟೆ ಕೂರುಸ್ಬುಟ್ಟು ಹತ್ತು ತಿಂಗ್ಳು ಕಾಸು ಈಸ್ಕತೀರಲ್ಲ, ಯಾವ ನ್ಯಾಯ? ಕಂತು ತೀರೋಗಂಟ ಕೂರುಸ್ಬೇಕಾಗಿತ್ತು."

ಪಕ್ಕದಲ್ಲಿದ್ದ ಹೆಂಡತಿ ಹೇಳಿದರು: "ನೀನೇನೋ ಕೂತಿರ್ತಿದ್ದೆ. ದಿನಾ ಎರಡೊತ್ತು ಹಸ ಕರೆಯಕ್ಕೆ ನಾನು ತಾನೆ ಇಳೀಬೇಕಾಗಿದ್ದು?"

ಅಕ್ಕ ಬಂದಳು

ಕನಕಪುರದಲ್ಲಿ ರವಿಕೆ ಹೊಲಿದು ಬದುಕುವ ಹೆಂಗಸೊಬ್ಬರು. ತಾಯಿ ಇಲ್ಲದ ತಂಗಿಯನ್ನು ಸಾಕಿ, ಓದಿಸಿ, ಮದುವೆ ಮಾಡಿ ದೆಹಲಿಗೆ ಕಳಿಸಿದವರು. ಕೈ ಬಲು ಬಿಗಿ. ಆಟೋಗೆ ಕೊಡಬೇಕಲ್ಲ ಎಂದು ಬಿಸಿಲಲ್ಲಿ ಮೂರು ಮೈಲಿ ನಡೆಯುತ್ತಾರೆ ಎಂದು ಅವರ ಪಕ್ಕದ ಮನೆಯವರೇ ನನಗೆ ಹೇಳಿದ್ದರು.

ಒಂದು ಬೆಳಿಗ್ಗೆ ಈ ಅಕ್ಕ ಬಸ್ಸಿಳಿದು ಸೀದಾ ನನ್ನ ಅಂಗಡಿಗೆ ಬಂದರು. ಭುಜದ ಮೇಲೆ ಅಳತೆಯ ಟೇಪು ಹಾಗೇ ಇತ್ತು.

"ತಂಗಿಗೆ ಆಪರೇಷನ್ ಆಗೈತಂತೆ ಕಣಣ್ಣ. ಅವಳ ಗಂಡ ಫೋನ್ ಮಾಡಿದ್ದ, ಮಾತಾಡಕ್ಕೇ ಆಗ್ತಿರ್ಲಿಲ್ಲ ಅವನಿಗೆ. ರೈಲಲ್ಲಿ ಎರಡು ದಿನ ಅಂತೆ. ಅಷ್ಟೊತ್ತಿಗೆ…"

ಕಿವಿಯ ಓಲೆ ಬಿಚ್ಚಲು ಕೈ ಹಾಕಿದರು. "ಓಲೆ ಬೇಡಿ ಅಕ್ಕ. ಐದು ಕಂತು ಮಾಡೋಣ. ಈಗ ಎಷ್ಟಿದೆಯೋ ಅಷ್ಟು ಕೊಡಿ" ಎಂದೆ. ಪರ್ಸಿನಲ್ಲಿದ್ದುದು ಸರಿಯಾಗಿ ಮೊದಲ ಕಂತಿಗಾಯಿತು. ಸಂಜೆಯ ವಿಮಾನಕ್ಕೆ ಟಿಕೆಟ್ ಮಾಡಿ, ನಾನೇ ಬೆಂಗಳೂರಿಗೆ ಹೋಗಿ ವಿಮಾನ ನಿಲ್ದಾಣದ ಬಸ್ಸು ಹತ್ತಿಸಿ ಬಂದೆ. ಆಮೇಲೆ ಇಪ್ಪತ್ತು ದಿನ ಸುದ್ದಿಯಿಲ್ಲ. ಫೋನ್ ಮಾಡಲು ನನಗೆ ಧೈರ್ಯ ಬರಲಿಲ್ಲ.

ಇಪ್ಪತ್ತೊಂದನೇ ದಿನ ಅಕ್ಕ ಅಂಗಡಿ ಮೆಟ್ಟಿಲು ಹತ್ತಿದರು. ಮುಖ ನೋಡಿದೆ, ಏನೂ ತಿಳಿಯಲಿಲ್ಲ. ಎದ್ದು ನಿಂತೆ.

"ತಂಗಿ…?"

"ಚೆನ್ನಾಗವ್ಳೆ" ಎಂದು ಕೂತರು. ಕೂತ ಮೇಲೆ ಮುಖ ಸಿಟ್ಟಿಗೆ ಉರಿಯತೊಡಗಿತು. "ಕೇಳು ಅಲ್ಲಿ ಆಗಿದ್ದ. ನಾನು ಓಗೋಷ್ಟೊತ್ತಿಗೆ ಒಸಿ ಚೇತರಿಸ್ಕೊಂಡು ಗಂಜಿ ಕುಡೀತಿದ್ಳು. ಡಾಕ್ಟ್ರು 'ಇನ್ನೇನು ಭಯ ಇಲ್ಲ' ಅಂದಿದ್ರಂತೆ. ನಾನು ಬಾಗಿಲಲ್ಲಿ ನಿಂತಿದ್ದೇ ತಡ, ಲೋಟ ಕೆಳಗಿಟ್ಟು ಗೋಳೋ ಅಂತ ಅಳಕ್ಕೆ ಶುರು ಮಾಡುದ್ಳು."

"ನಿಮ್ಮನ್ನ ನೋಡಿದ ಸಂತೋಷಕ್ಕೆ."

"ಎಲ್ಲಿ ಸಂತೋಷ! 'ಹೆಂಗ್ ಬಂದೆ?' ಅಂದ್ಳು. 'ವಿಮಾನದಲ್ಲಿ' ಅಂದೆ. ಗಂಡನ ಕೈ ಹಿಡ್ಕೊಂಡು ಹೇಳ್ತಾಳೆ, 'ನೀವೆಲ್ಲಾ ನನ್ನತ್ರ ಸುಳ್ಳೇಳ್ತಿದೀರ. ನಮ್ಮಕ್ಕ ಅಷ್ಟು ದುಡ್ಡು ಕೊಟ್ಟು ವಿಮಾನ ಹತ್ತವ್ಳೆ ಅಂದ್ರೆ ನಾನು ಉಳಿಯಲ್ಲ!' ನರ್ಸು ಬಂದು ಹೇಳುದ್ರೂ ನಂಬ್ನಿಲ್ಲ. ದೊಡ್ಡ ಡಾಕ್ಟ್ರು ಬಂದ್ರು, ನಂಬ್ನಿಲ್ಲ. ಸಾಯೋರ ಹಂಗೆ ಎಲ್ಲಾರ್ಗೂ ಕೈ ಮುಗಿತಾವ್ಳೆ!"

"ಆಮೇಲೆ?"

"ನಂಗೂ ರೇಗೋಯ್ತು ಕಣಣ್ಣ. 'ಎಲ್ಲೇ ಕೊಟ್ಟೆ ಅಷ್ಟು ದುಡ್ಡ? ಐದರಲ್ಲಿ ಒಂದೇ ಕಂತು ಕಟ್ಟಿರೋದು!' ಅಂದೆ. ತಟ್ಟನೆ ಅಳು ನಿಲ್ಸುದ್ಳು. ಕಣ್ಣೊರೆಸ್ಕೊಂಡು, ಗಂಡನ ಕಡೆ ತಿರುಗಿ ಹೇಳ್ತಾಳೆ: 'ಹಂಗಾದ್ರೆ ಡಾಕ್ಟ್ರು ಹೇಳಿದ್ದು ದಿಟ ಕಣ್ರೀ. ಒಸಿ ಕಾಫಿ ತರ್ಸಿ.'"